ಪಂಗಡದೊಳಗಿನ ಕೆಟ್ಟವನು

ಮಣಿಪಾಲ
೧೯-೮-೧೯೮೬

ಪ್ರೀತಿಯ ರಮಕ್ಕನಿಗೆ ಸುಭಾಷಿಣಿಯ ನಮಸ್ಕಾರಗಳು.

ನಿನ್ನ ಎರಡೂ ಕಾಗದ ತಲುಪಿವೆ. "ಕೈಗೆ ಲಕ್ವ ಹೊಡೆದಿದೆಯಾ?" ಎಂದು ಕೇಳಿದ್ದೀ. ಕೈ ಸರಿಯಾಗಿಯೇ ಇದೆ ಅಕ್ಕ, ನೆಟ್ಟಗಿಲ್ಲದ್ದು ತಲೆ. ತಡವಾದದ್ದಕ್ಕೆ ಬೈಯಬೇಡ. ಬೈಯಲೇಬೇಕೆಂದಿದ್ದರೆ ಈ ಕಾಗದ ಪೂರ್ತಿ ಓದಿದ ಮೇಲೆ ಬೈದುಕೋ, ಆಗ ಕಾರಣವಾದರೂ ಸಿಗುತ್ತದೆ.

ಆಟಿ ತಿಂಗಳು ಮುಗಿದರೂ ಇಲ್ಲಿ ಮಳೆ ಬಿಟ್ಟಿಲ್ಲ. ಇವರು ಒಣಗದ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗಿ ಬರುತ್ತಿದ್ದಾರೆ. ಆರೋಗ್ಯವಾಗಿದ್ದಾರೆ. ನಾನು ಬರೆಯಬೇಕೆಂದಿರುವುದು ಇವರ ಬಗ್ಗೆಯೇ.

ನಮ್ಮ ಪಕ್ಕದ ಮನೆಯ ಬೆಂಜಮಿನ್ ಮಾಸ್ಟರು ಅಮೆರಿಕದಲ್ಲಿ ಓದಿ ಬರುವಾಗ ಒಂದು ಆಟ ತಂದಿದ್ದಾರೆ ಎಂದು ಹಿಂದೆ ಬರೆದಿದ್ದೆನಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು, ಅವರ ಹೆಂಡತಿ ಆಂಜೆಲಾ ಟೀಚರ್, ಇವರು, ನಾನು ಸೇರಿ ಅವರ ಜಗಲಿಯಲ್ಲಿ ಆಡುತ್ತೇವೆ. ಇಸ್ಪೀಟು ಕೇರಂಗಳ ಹಾಗಲ್ಲ. ಮಾಸ್ಟರು ಒಂದು ಕಥೆ ನಡೆಸುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರ. ನಮ್ಮ ಮಾತು ನಾವೇ ಆಡಬೇಕು. ಏಟು ತಾಗಿತೋ ತಪ್ಪಿತೋ ಎಂದು ದಾಳ ಹೇಳುತ್ತದೆ. ಆಂಜೆಲಾ ಟೀಚರ್ ಬಿಲ್ಲುಗಾರ್ತಿ, ಇವರು ಕತ್ತಿಯ ಭಟ, ನಾನು ಗಾಯಕ್ಕೆ ಮದ್ದು ಹಚ್ಚುವವಳು. ಅಲ್ಲಿಯೂ ನನಗೆ ಅದೇ ಕೆಲಸ ನೋಡು!

ಆಟಕ್ಕೆ ಮಾಸ್ಟರು ಒಂದು ನಿಯಮ ಇಟ್ಟಿದ್ದರು. "ಕೆಟ್ಟವರನ್ನೆಲ್ಲ ನಾನು ಆಡಿಸ್ತೇನೆ. ನೀವು ಮೂವರು ಒಂದೇ ಪಂಗಡ. ನಿಮ್ಮ ಒಳಗೇ ಒಬ್ಬ ಕೆಟ್ಟವ ಹುಟ್ಟಿದರೆ ಆಟ ಒಡೀತದೆ, ಕಡೆಗೆ ಮನಸ್ಸೂ ಒಡೀತದೆ."

ಇವರು ಬಿಡಬೇಕಲ್ಲ! ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದ ಬಾಯಿ. "ಎಂತ ಮಾಸ್ಟ್ರೇ ನೀವು! ನಮ್ಮ ಕೂಟದಲ್ಲಿ ರಾಕ್ಷಸನ ಅರ್ಥ ಹೇಳ್ಲಿಕ್ಕೆ ಜನ ಜಗಳ ಮಾಡ್ತಾರೆ. ಎಲ್ಲರೂ ಸಜ್ಜನರೇ ಕೂತ್ರೆ ಮಾತಾಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಎಂದರು. ನನಗೂ ಹೌದೆನಿಸಿತು. ಖಳನಾದವನು ವಾದ ಹೂಡಿದರೆ ಕೇಳಲು ಎಷ್ಟು ಸೊಗಸು ಎಂದು ನಾನೂ ದನಿಗೂಡಿಸಿದೆ. ಮಾಸ್ಟರು ತುಂಬ ಹೊತ್ತು ಗಡ್ಡ ಕೆರೆದುಕೊಂಡು, "ಆಯ್ತು, ಯಾರಿಗೆ ಕೆಟ್ಟವರಾಗ್ಬೇಕೋ ಅವರು ಒಬ್ಬರೇ ಬಂದು ನನ್ನ ಕಿವಿಯಲ್ಲಿ ಹೇಳಿ" ಎಂದರು.

ನಾವು ಎಡವಿದ್ದು ಅಲ್ಲಿಯೇ. ತಾಳಮದ್ದಳೆಯ ರಾಕ್ಷಸ ಪೀಠಿಕೆಯಲ್ಲಿಯೇ ತಾನು ಯಾರು, ಯಾರ ಮೇಲೆ ಹಗೆ ಎಂದು ಸಭೆಗೆಲ್ಲ ಕೇಳುವಂತೆ ಹೇಳಿಯೇ ಮುಂದುವರಿಯುತ್ತಾನೆ. ಇಲ್ಲಿಯೂ ಕೆಟ್ಟವನು ಒಂದು ದಿನ ಎದೆ ತಟ್ಟಿ ಹೇಳುತ್ತಾನೆ, ಆಮೇಲೆ ವಾದ ಶುರುವಾಗುತ್ತದೆ ಎಂದು ನಾನು ಕಾದೆ. ಯಾರೂ ಹೇಳಲಿಲ್ಲ. ಆದರೆ ನಾವು ಹೋಗುವ ದಾರಿ ಶತ್ರುಗಳಿಗೆ ಮೊದಲೇ ತಿಳಿಯತೊಡಗಿತು. ನನ್ನ ಮದ್ದಿನ ಚೀಲ ಕಾಣೆಯಾಯಿತು.

ನನಗೆ ಆಂಜೆಲಾ ಟೀಚರ ಮೇಲೆಯೇ ಗುಮಾನಿ. ಅವರು ಸುಮ್ಮಸುಮ್ಮನೆ ನಗುತ್ತಿದ್ದರು. ಮನೆಗೆ ಬರುವಾಗ ಇವರೂ, "ಟೀಚರ ಮೇಲೆ ಒಂದು ಕಣ್ಣು ಇಡು, ಆಯ್ತಾ?" ಎಂದು ನನ್ನ ಸಂಶಯಕ್ಕೆ ಒಗ್ಗರಣೆ ಹಾಕಿದರು. ಪಾಪ, ಆ ವಾರ ಅವರು ಹಲಸಿನ ಎಲೆಯ ಕಡುಬು ಕೊಟ್ಟಾಗಲೂ ನಾನು ಮುಖ ಕೊಟ್ಟು ಮಾತಾಡಲಿಲ್ಲ.

ಮೊನ್ನೆ ಭಾನುವಾರ ಕಥೆಯಲ್ಲಿ ಒಂದು ಕಂದಕ, ಅದಕ್ಕೊಂದು ಹಗ್ಗದ ಸೇತುವೆ. ಮೊದಲು ದಾಟಬೇಕಾದವಳು ನಾನು. "ಹೋಗ್ಬೇಡ ಸುಭಾಷಿಣಿ, ಹಗ್ಗ ಹಿಡಿದವ ಯಾರೂಂತ ನೋಡು" ಎಂದು ಟೀಚರ್ ಕೂಗಿದರು. ಹಗ್ಗ ಹಿಡಿದವರು ಇವರು. ನಾನು ಆಟ ನಿಲ್ಲಿಸಿ ನೇರವಾಗಿ ಇವರನ್ನೇ ಕೇಳಿದೆ, "ನೀವಲ್ಲ ಅಲ್ವಾ?" ಇವರು ನನ್ನ ಕಣ್ಣಲ್ಲಿ ಕಣ್ಣಿಟ್ಟು, "ನಾನಲ್ಲ ಸುಬ್ಬಿ. ಹೆಂಡತಿಗೆ ಸುಳ್ಳು ಹೇಳಿ ನನಗೆ ಎಂತ ಸಿಗ್ಲಿಕ್ಕುಂಟು?" ಎಂದರು. ನಾನು ಕಾಲಿಟ್ಟೆ. ಇವರು ಹಗ್ಗ ಕಡಿದರು.

ಮಾಸ್ಟರು ತಲೆಗೆ ಕೈ ಹಚ್ಚಿ ನಕ್ಕರು, ಇವರು ಗೆದ್ದ ಖುಷಿಯಲ್ಲಿ ತೊಡೆ ತಟ್ಟಿದರು. ಟೀಚರ್ ಮಾತ್ರ ನನ್ನ ಮುಖ ನೋಡಿ ಚಹಾ ತರುತ್ತೇನೆಂದು ಒಳಗೆ ಹೋದರು.

ಅಕ್ಕ, ನಾನು ಸತ್ತದ್ದು ಆಟದಲ್ಲಿ, ಅದಕ್ಕೆ ನನಗೆ ದುಃಖವಿಲ್ಲ. ಇವರು ಸುಳ್ಳು ಹೇಳಿದರೆ ನನಗೆ ತಿಳಿಯುತ್ತದೆ ಎಂದು ಮದುವೆಯಾದಂದಿನಿಂದ ನಂಬಿಕೊಂಡಿದ್ದೆ. ಹೋಟೆಲಿನಲ್ಲಿ ತಿಂದು ಬಂದು "ತಿಂದಿಲ್ಲ" ಎನ್ನುವಾಗ ಕಿವಿ ತುರಿಸಿಕೊಳ್ಳುತ್ತಾರೆ, ನನಗೆ ನಗು ಬರುತ್ತದೆ. ಮೊನ್ನೆ ಕಿವಿ ತುರಿಸಲಿಲ್ಲ, ದನಿ ನಡುಗಲಿಲ್ಲ, ರೆಪ್ಪೆ ಅಲುಗಲಿಲ್ಲ. ಹಾಗಾದರೆ ನಾನು ಹಿಡಿದದ್ದೆಲ್ಲ ಇವರು ಹಿಡಿಯಲು ಬಿಟ್ಟ ಸುಳ್ಳುಗಳೇ? ಆವತ್ತಿನಿಂದ ಇವರ ಯಾವ ಮಾತನ್ನು ನಂಬಬೇಕು, ಯಾವುದನ್ನು ಬಿಡಬೇಕು ತಿಳಿಯುತ್ತಿಲ್ಲ. ಸಾರಿನ ಉಪ್ಪು ಸರಿ ಉಂಟು ಎಂದರೂ ಮುಖ ನೋಡುತ್ತೇನೆ. ಬಸ್ಸು ತಡ ಎಂದರೂ ನೋಡುತ್ತೇನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನೀನು ಹೇಳುತ್ತೀ, ಗೊತ್ತು.

ನಿನ್ನೆ ಹೇಳಿಯೂ ನೋಡಿದೆ. "ಎಂತ ಮಾರಾಯ್ತಿ, ಅದು ಆಟ ಅಲ್ವಾ?" ಎಂದು ನಕ್ಕುಬಿಟ್ಟರು. ಮಾಸ್ಟರು ಹಳೆಯ ನಿಯಮವನ್ನೇ ಮತ್ತೆ ತರುತ್ತಾರಂತೆ. ಬಂದರೇನು, ನಾನು ಇನ್ನು ಆ ಜಗಲಿಗೆ ಆಡಲು ಹೋಗುವುದಿಲ್ಲ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಚಿಕ್ಕಮ್ಮನ ಮುತ್ತುಗಳು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ನಿನ್ನ ಆಶೀರ್ವಾದ ಎಂದಿಗಿಂತ ಈಗ ನನಗೆ ಹೆಚ್ಚು ಬೇಕು.

ನಿನ್ನ ತಂಗಿ
ಸುಭಾಷಿಣಿ

ವಿ. ಸೂ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಮಗೆ ಮಕ್ಕಳಾಗಲಿಲ್ಲವೆಂದು ಇಬ್ಬರೂ ಮಂಗಳೂರಿನ ಡಾಕ್ಟರಮ್ಮನಲ್ಲಿ ಪರೀಕ್ಷೆ ಮಾಡಿಸಿದೆವಲ್ಲ. ಫಲಿತಾಂಶ ಹೇಳಲು ಅವರು ಒಳಗೆ ಕರೆದದ್ದು ಇವರನ್ನು ಮಾತ್ರ. ನಾನು ಹೊರಗೆ ಬೆಂಚಿನ ಮೇಲಿದ್ದೆ. ಇವರು ಬಂದು ಪಕ್ಕದಲ್ಲಿ ಕೂತು, "ದೋಷ ನಿನ್ನದಂತೆ ಸುಬ್ಬಿ. ಹೋಗ್ಲಿ ಬಿಡು, ನನಗೆ ಬೇಸರ ಇಲ್ಲ" ಎಂದರು. ಎಂಥ ದೊಡ್ಡ ಮನಸ್ಸು ಎಂದು ನಿನ್ನ ಹತ್ತಿರ ಅತ್ತಿದ್ದೆ. ಅತ್ತೆಯ ಬಾಯಿಂದ ಬಂಜೆ ಎನ್ನಿಸಿಕೊಂಡಾಗಲೆಲ್ಲ ಆ ಮಾತನ್ನೇ ನೆನೆದು ತಡೆದುಕೊಂಡಿದ್ದೆ. ಮೊನ್ನೆ "ನಾನಲ್ಲ" ಎಂದಾಗ ಇವರದ್ದು ಆ ಬೆಂಚಿನ ಮೇಲಿನ ಮುಖವೇ ಅಕ್ಕ. ಬರುವ ಸೋಮವಾರ ನಾನೊಬ್ಬಳೇ ಡಾಕ್ಟರಮ್ಮನನ್ನು ಕೇಳಲು ಹೋಗುತ್ತೇನೆ. ಕಾರ್ಕಳಕ್ಕೆ, ನಿನ್ನ ಮನೆಗೆ ಎಂದು ಇವರಿಗೆ ಹೇಳಿದ್ದೇನೆ. ಕೂಡಲೇ ನಂಬಿದರು. ಬರುವಾಗ ನಿನ್ನ ಕೈಯ ಮಿಡಿ ಉಪ್ಪಿನಕಾಯಿ ತರಬೇಕಂತೆ. ಸೋಮವಾರಕ್ಕೆ ಮೊದಲೇ ಒಂದು ಬಾಟ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಆಂಜೆಲಾ ಟೀಚರ ಮನೆಗೆ ಕಳಿಸಿಬಿಡು.