ನನ್ನ ಗಂಡನ ಬೆನ್ನಿನ ಗಂಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಸಾಹೇಬರಿಗೆ

ಕಾಲುವೆ ಕಚೇರಿಯ ಮಾನ್ಯ ಸಾಹೇಬರೇ,

ನನ್ನ ಗಂಡನ ಬೆನ್ನಿಗೆ ನಾನು ಕಟ್ಟಿದ್ದ ಗಂಟೆಯ ಪಟ್ಟಿಯನ್ನು ತಾವು ಬಿಚ್ಚಿಸಿಕೊಂಡು ಕಬ್ಬಿಣದ ಬೀರುವಿನಲ್ಲಿ ಹಾಕಿ ಬೀಗ ಜಡಿದಿದ್ದೀರಿ. ಅದು ಸಾಲದೆಂದು ‘ಕಚೇರಿಯ ಶಿಸ್ತಿಗೆ ಭಂಗ ತರುವ ಶಬ್ದೋತ್ಪಾದನೆ’ಗಾಗಿ ಅವರಿಗೆ ಕಾರಣ ಕೇಳಿ ನೋಟಿಸನ್ನೂ ಕೊಟ್ಟಿದ್ದೀರಿ. ಶಬ್ದ ಮಾಡಿದ್ದು ಯಂತ್ರ, ಯಂತ್ರ ಮಾಡಿದವಳು ನಾನು, ಆದ್ದರಿಂದ ಕಾರಣವನ್ನೂ ನಾನೇ ಹೇಳುತ್ತೇನೆ. ಅವರೇ ಹೇಳಲು ಬಂದರೆ ತಮ್ಮ ಮುಂದೆ ಮತ್ತೆ ಬಗ್ಗುತ್ತಾರೆ. ಅವರ ಕಾಯಿಲೆಯೇ ಅದು.

ಗಂಡನ ಹೆಸರು ಹೇಳಬಾರದೆಂದು ನಮ್ಮ ಅತ್ತೆ ಕಲಿಸಿದ್ದರು. ನೋಟಿಸಿನಲ್ಲಿ ತಾವೇ ಬರೆದು ಊರಿಗೆಲ್ಲ ಹೇಳಿರುವುದರಿಂದ ನಾನೂ ಹೇಳಿಬಿಡುತ್ತೇನೆ: ಜಡೆಪ್ಪ. ತಮ್ಮ ಕಚೇರಿಯ ಗುಮಾಸ್ತರು. ಮೊಣಕಾಲೆತ್ತರದ ಮೇಜಿನ ಮೇಲೆ ನೀರಿನ ಸರದಿಯ ಪಟ್ಟಿಗಳನ್ನು ಬಗ್ಗಿ ಬರೆಯುವವರು, ಬರೆದದ್ದನ್ನು ಬಗ್ಗಿಯೇ ತಂದು ತಮ್ಮ ಮುಂದೆ ಇಡುವವರು, ಸಹಿಯಾದ ಮೇಲೆ ಬಗ್ಗಿಯೇ ಹಿಂದಕ್ಕೆ ನಡೆಯುವವರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನಮ್ಮವರು ಗಿಡವಾಗಿಯೂ ಬಗ್ಗಿದರು, ಮರವಾಗಿಯೂ ಬಗ್ಗಿದರು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದೆ, “ನೀಲಾ, ಬೆನ್ನು ಹಿಡಕೊಂಡು ಬಿಟ್ಟೈತಿ, ಕುಂದ್ರಾಕೂ ಬರವಲ್ದು” ಎಂದು ಕಣ್ಣೀರು ಹಾಕಿದರು. ಹೀಗೇ ಬಗ್ಗಿ ಕುಳಿತರೆ ಮುಂದೆ ಕೋಲಿಲ್ಲದೆ ನಡೆಯಲಾಗದು ಎಂದರು ಡಾಕ್ಟರು. ನೆಟ್ಟಗೆ ಕುಳಿತುಕೊಳ್ಳಿ ಎಂದು ಚೀಟಿಯಲ್ಲಿ ಬರೆದೂ ಕೊಟ್ಟರು. ಸಾಹೇಬರೇ, ಬೆನ್ನಿಗೆ ಓದು ಬರಹ ಬರುತ್ತದೆಯೇ?

ನಮ್ಮ ತಂದೆ ಹೊಸಪೇಟೆಯ ಬಜಾರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಬೇರೆ ಹುಡುಗಿಯರು ಕಸೂತಿ ಕಲಿಯುವಾಗ ನಾನು ಬೆಸುಗೆ ಹಾಕುವುದನ್ನು ಕಲಿತೆ. ಖಾಲಿ ಇಂಜೆಕ್ಷನ್ ಸೀಸೆಯೊಂದನ್ನು ತೊಳೆದು ಒಣಗಿಸಿ, ಅದರೊಳಗೆ ಸೈಕಲ್ ಚಕ್ರದ ಉಕ್ಕಿನ ಗುಂಡೊಂದನ್ನು ಹಾಕಿದೆ. ರಬ್ಬರ್ ಮುಚ್ಚಳಕ್ಕೆ ಎರಡು ಗುಂಡುಸೂಜಿ ಚುಚ್ಚಿ, ಅವಕ್ಕೆ ತಂತಿ ಬೆಸೆದು, ಟಾರ್ಚಿನ ಸೆಲ್ಲಿಗೂ ಒಂದು ಪುಟ್ಟ ಕರೆಗಂಟೆಗೂ ಜೋಡಿಸಿದೆ. ಸೀಸೆಯನ್ನು ಮುಚ್ಚಳ ಮುಂದಾಗಿ, ಸ್ವಲ್ಪವೇ ಮೇಲಾಗಿ ಇರುವಂತೆ ಪಟ್ಟಿಗೆ ಹೊಲಿದು ಅವರ ಬೆನ್ನಿಗೆ ಕಟ್ಟಿದೆ. ನೆಟ್ಟಗಿದ್ದರೆ ಗುಂಡು ಹಿಂದೆ ಬಿದ್ದಿರುತ್ತದೆ, ಯಂತ್ರ ಸುಮ್ಮನಿರುತ್ತದೆ. ಬಗ್ಗಿದರೆ ಗುಂಡು ಉರುಳಿ ಎರಡೂ ಸೂಜಿಗೆ ತಾಗುತ್ತದೆ, ಗಂಟೆ ಬಾರಿಸುತ್ತದೆ. ಆರಿಸುವ ಸ್ವಿಚ್ಚನ್ನು ಬೇಕೆಂದೇ ಇಡಲಿಲ್ಲ. ಇಟ್ಟಿದ್ದರೆ ಕಚೇರಿಯ ಗೇಟಿನಲ್ಲೇ ಆರಿಸುತ್ತಿದ್ದರು.

“ಇದೇನ, ಎತ್ತಿನ ಕೊಳ್ಳಿಗೆ ಗಂಟಿ ಕಟ್ಟಿದಂಗ ಕಟ್ಟಾಕ ಹತ್ತೀದಿ?” ಎಂದು ಕೇಳಿದರು.

“ಎತ್ತು ಯಾರ ಹೊಲಕ್ಕ ಹೋತು ಅಂತ ತಿಳೀಲಿ ಅಂತ ಕಟ್ತಾರ. ನಿಮ್ಮ ಬೆನ್ನು ಯಾರ ಮುಂದ ಹೋತು ಅಂತ ನನಗ ತಿಳೀಬೇಕು” ಎಂದೆ.

ಇಲ್ಲಿ ನನ್ನದೊಂದು ತಪ್ಪಾಗಿದೆ ಎಂದು ಒಪ್ಪುತ್ತೇನೆ. ನಾನು ಗಂಟೆ ಕೊಂಡ ಅಂಗಡಿಯಿಂದಲೇ ತಮ್ಮ ಮೇಜಿನ ಕರೆಗಂಟೆಯೂ ಬಂದಿತ್ತಂತೆ. ಎರಡರದೂ ಒಂದೇ ಗಂಟಲು. ಜಡೆಪ್ಪನವರು ಫೈಲಿಡಲು ಬಗ್ಗಿದಾಗಲೆಲ್ಲ ಜವಾನ ಎರ್ರಿಯಪ್ಪ “ಬಂದೆ ಸಾಹೇಬ್ರ” ಎನ್ನುತ್ತ ಒಳಗೆ ಓಡಿ ಬಂದನಂತೆ. ತಾವು ಕರೆಯಲಿಲ್ಲ ಎಂದಿರಿ, ಅವನು ಹೊರಗೆ ಹೋದ, ಇವರು ಕ್ಷಮೆ ಕೇಳಲು ಬಗ್ಗಿದರು, ಅವನು ಮತ್ತೆ ಬಂದ. ಅವನದೇನು ತಪ್ಪು? ಗಂಟೆ ಕೇಳಿದರೆ ಓಡಿ ಬರಬೇಕೆಂದು ಕಲಿಸಿದವರು ಯಾರು?

ಆದರೆ ತಮ್ಮ ಸಿಟ್ಟು ಎರ್ರಿಯಪ್ಪನ ಮೇಲಿನದಲ್ಲ ಎಂಬುದು ನನಗೂ ಗೊತ್ತು, ಕಚೇರಿಗೂ ಗೊತ್ತು. ಆ ಮಂಗಳವಾರ ಬುಕ್ಕಸಾಗರದ ಗವಿಸಿದ್ದಪ್ಪನವರು ನಾಲ್ಕು ಜನ ರೈತರನ್ನು ಕರೆದುಕೊಂಡು ಬಂದಿದ್ದರು. ಟವೆಲ್ಲನ್ನು ಕಂಕುಳಲ್ಲಿ ಅವುಚಿಕೊಂಡು, ಪದ್ಧತಿಯಂತೆ ನಡು ಮುರಿದು ನಿಂತಿದ್ದರು. ಹಾಗೆ ನಿಂತವರ ಮಾತು ತಮ್ಮ ಮೇಜಿನ ಕಾಲಿಗೆ ಕೇಳಿಸುತ್ತಿತ್ತೇ ಹೊರತು ತಮ್ಮ ಕಿವಿಗೆ ಎಂದೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ನಮ್ಮವರು ಫೈಲಿಡಲು ಬಗ್ಗಿದರು. ಗಂಟೆ ಹೊಡೆಯಿತು. ನಮ್ಮವರು ಥಟ್ಟನೆ ನೆಟ್ಟಗಾದರು. ಸರ್ಕಾರಿ ಗುಮಾಸ್ತನೇ ಗಂಟೆಗೆ ಹೀಗೆ ನಿಲ್ಲುತ್ತಾನೆಂದರೆ ಇದು ಹೊಸ ಸರ್ಕಾರಿ ಹುಕುಂ ಇರಬೇಕೆಂದುಕೊಂಡ ಗವಿಸಿದ್ದಪ್ಪನವರು ಪಕ್ಕದವನಿಗೆ ತಿವಿದು, “ನೆಟ್ಟಗ ನಿಂದ್ರಲೇ, ಬೆಲ್ ಹೊಡೀತು ಕೇಳಲಿಲ್ಲೇನ” ಎಂದರಂತೆ. ಐವರೂ ಎದೆ ಸೆಟೆಸಿ ನಿಂತರು. ನೆಟ್ಟಗೆ ನಿಂತ ಮೇಲೆ ದನಿ ಒಳಗೆ ಉಳಿಯುತ್ತದೆಯೇ? “ಸಾಹೇಬ್ರ, ಮ್ಯಾಲಿನವ್ರು ರಾತ್ರಿ ತೂಬು ಎತ್ತಿ ನೀರು ಕಟ್ಕೊಳ್ತಾರ. ಕಾಲುವಿ ಕಡೀ ಗದ್ದಿಗೆ ನೀರು ಯಾವಾಗ ಕೊಡ್ತೀರಿ, ದಿನ ಹೇಳ್ರಿ” ಎಂದು ಗವಿಸಿದ್ದಪ್ಪನವರು ಕೇಳಿದ್ದು ಹೊರಗಿನ ಚಹಾದಂಗಡಿಗೂ ಕೇಳಿಸಿತಂತೆ. ತಾವು ದಿನ ಹೇಳಿದಿರಿ. ಶುಕ್ರವಾರ. ನೀರೂ ಬಂತು. ನಾನು ಈ ಸುದ್ದಿ ಕೇಳಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಿದ್ದೇನೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬುಧವಾರ ತಾವು ಪಟ್ಟಿ ಬಿಚ್ಚಿಸಿಕೊಂಡಿರಿ. ಬೀರುವಿನಲ್ಲಿ ಅದನ್ನು ಬೋರಲು ಮಲಗಿಸಿ, ಅದು ಹೊಡೆದುಕೊಳ್ಳುತ್ತಿದ್ದರೂ ಬೀಗ ಜಡಿದು, ಬೀಗದ ಕೈ ಜೇಬಿಗೆ ಹಾಕಿಕೊಂಡು, ಜೀಪಿನಲ್ಲಿ ಸಂಡೂರಿಗೆ ಹೊರಟುಬಿಟ್ಟಿರಿ. ಬೋರಲು ಮಲಗಿಸಿದರೆ ಅದಕ್ಕೆ ಯಾರೋ ಸಾಷ್ಟಾಂಗ ಬಿದ್ದಿದ್ದಾರೆಂದೇ ಲೆಕ್ಕ. ಅಂಗಾತ ಇಟ್ಟಿದ್ದರೆ ಸುಮ್ಮನಿರುತ್ತಿತ್ತು. ಸಂಜೆ ಎರ್ರಿಯಪ್ಪ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕುಳಿತ. “ಅಕ್ಕಾರ, ಬೀರು ಒಳಗ ಯಾವ ಸಾಹೇಬ್ರು ಅದಾರ? ಮಧ್ಯಾಹ್ನದಿಂದ ಕರಿಯಾಕ ಹತ್ಯಾರ. ಓಡಿ ಓಡಿ ಕಾಲು ಬಿದ್ದು ಹೋದ್ವು” ಎಂದ. ಸೆಲ್ ಮುಗಿಯುವವರೆಗೂ ತಮ್ಮ ಕಚೇರಿಯಲ್ಲಿ ಒಬ್ಬ ಮನುಷ್ಯ ಖಾಲಿ ಕೋಣೆಗೆ ಸಲಾಂ ಹೊಡೆಯುತ್ತಿದ್ದ. ಇದು ಯಾವ ಶಿಸ್ತು, ಸಾಹೇಬರೇ?

ನಕ್ಕದ್ದು ಸಾಕು, ಒಂದು ಸಂಗತಿ ಹೇಳುತ್ತೇನೆ. ಪಟ್ಟಿ ಕಟ್ಟಿಕೊಳ್ಳಲು ಶುರುಮಾಡಿದ ಕೆಲವು ದಿನಗಳಿಗೆ ನಮ್ಮವರು ಕಚೇರಿಯಿಂದ ಬಂದು ಮನೆಯೊಳಗೆ ಕಾಲಿಟ್ಟರು. ಬಾಗಿಲಿನ ಮೇಲ್ಪಟ್ಟಿ ಹಣೆಗೆ ಟಣ್ಣನೆ ಬಡಿಯಿತು. ಮದುವೆಯಾದಾಗಿನಿಂದ ಅದೇ ಮನೆ, ಅದೇ ಬಾಗಿಲು, ಒಮ್ಮೆಯೂ ಬಡಿದಿರಲಿಲ್ಲ. ಹಣೆ ಉಜ್ಜಿಕೊಳ್ಳುತ್ತ, “ನಾನು ಇಷ್ಟು ಎತ್ತರ ಅದೀನೇನ?” ಎಂದು ನನ್ನನ್ನೇ ಕೇಳಿದರು. ನನಗೂ ಗೊತ್ತಿರಲಿಲ್ಲ. ನನ್ನ ಗಂಡ ಇಷ್ಟು ಚೆಂದ ಇದ್ದಾರೆಂದು ಅವತ್ತು ನೋಡಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಈಗ ಅವರು ಮತ್ತೆ ಬಗ್ಗುತ್ತಿದ್ದಾರೆ, ರಾತ್ರಿ ಮತ್ತೆ ನರಳುತ್ತಿದ್ದಾರೆ. ಆದ್ದರಿಂದ ನೋಟಿಸು ಹಿಂದಕ್ಕೆ ತೆಗೆದುಕೊಳ್ಳಿ, ಅವರ ಮೇಜಿನ ಕಾಲಿಗೆ ನಾಲ್ಕು ಇಟ್ಟಿಗೆ ಕೊಡಿಸಿ, ಪಟ್ಟಿಯನ್ನು ಸೋಮವಾರ ನನ್ನ ಕೈಗೆ ಕೊಡಿ. ಹೊಸ ಸೆಲ್ ನಾನೇ ತರುತ್ತೇನೆ. ಗಂಟೆಯ ದನಿ ಬೇಕಾದರೆ ಬದಲಿಸುತ್ತೇನೆ, ಸ್ವಿಚ್ ಮಾತ್ರ ಇಡುವುದಿಲ್ಲ. ಸೋಮವಾರ ಸಂಜೆ ನನ್ನ ಗಂಡನ ಹಣೆ ಬಾಗಿಲಿಗೆ ಬಡಿಯಬೇಕು.

ಇಂತಿ,
ಇಷ್ಟೆಲ್ಲವನ್ನೂ ತಾನು ಮಾತ್ರ ಬಗ್ಗಿ ಕುಳಿತೇ ಬರೆದ,
ನೀಲಗಂಗಮ್ಮ
ಹೊಸಪೇಟೆ