ಅಂಚಿನಲ್ಲಿ ಹೊಲಿದ ತೂಕ

ಬುಧವಾರ, ಬೆಳಿಗ್ಗೆ

ನನ್ನ ಮುದ್ದು ಕಡ್ಡಿಗೆ,

ನಿನ್ನ ಗುಂಡಕ್ಕನ ನೂರು ಮುತ್ತು. ಅರ್ಧ ನಿನಗೆ, ಅರ್ಧ ನಿನ್ನ ಮಗಳಿಗೆ.

ಒಡಹುಟ್ಟಿದವಳು ಅಂತ ಇರೋದು ಒಬ್ಬಳು, ಅವಳೂ ಬಾಣಂತನಕ್ಕೆ ಬರಲಿಲ್ಲ ಅಂತ ನಿನ್ನ ಭಾವನ ಹತ್ತಿರ ಫೋನಿನಲ್ಲಿ ಅತ್ತುಬಿಟ್ಟೆಯಂತೆ. ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಜಾಸ್ತಿ ಅಂತ ಅವರು ಹೇಳಿದ್ದು ಸುಳ್ಳು, ಹೇಳಿಸಿದ್ದು ನಾನು. ಆ ಮನುಷ್ಯನಿಗೆ ಸುಳ್ಳು ಹೇಳೋಕೆ ಬರಲ್ಲ. ಪಾಪ, ಫೋನ್ ಇಟ್ಟಮೇಲೆ ಗೋಡೆ ಕಡೆ ತಿರುಗಿ ನಿಂತುಬಿಟ್ಟರು.

ನಾನು ಆಸ್ಪತ್ರೆಯಲ್ಲಿದ್ದೇನೆ ಕಣೇ. ಅಮ್ಮನಿಗೆ ಬಂದ ಕಾಯಿಲೆಯೇ ನನಗೂ ಬಂದಿದೆ. ಅದು ಗೊತ್ತಾದಾಗ ನಿನಗೆ ನಾಲ್ಕು ತಿಂಗಳು ತುಂಬಿತ್ತು. ಅಮ್ಮನ ಹಾಸಿಗೆ ಪಕ್ಕ ನಿದ್ದೆಗೆಟ್ಟು ಮೊದಲ ಬಸಿರು ಕಳೆದುಕೊಂಡವಳು ನೀನು. ಅದನ್ನು ಇನ್ನೊಂದು ಸಲ ನೋಡುವ ಎದೆ ನನಗಿರಲಿಲ್ಲ. ಹೆರಿಗೆ ಆಗೋ ತನಕ ಬಾಯಿ ಬಿಡಬಾರದು ಅಂತ ಹಟ ಹಿಡಿದೆ.

ಬಾಯಿ ಮುಚ್ಚಿಕೊಂಡರೆ ಸಾಕಿತ್ತೇ? ಶನಿವಾರ ಬಂತೆಂದರೆ ನಿನ್ನ ತೂಕ ಇಳಿಸುವ ಕೇಂದ್ರಕ್ಕೆ ಬರಬೇಕು. ಅಲ್ಲಿ ತೂಕದ ಮೆಷಿನ್ ಪಕ್ಕ, ಇಳಿದವರ ಕಾರ್ಡಿಗೆ ಅಂಟಿಸೋಕೆ ನಕ್ಷತ್ರದ ಸ್ಟಿಕ್ಕರ್ ಹಿಡಿದು ನಿಂತಿರುವವಳು ನೀನೇ. ನಡುವೆ ಬಿಟ್ಟರೆ ನಿನಗೆ ಅನುಮಾನ. ಉಳಿದ ಹೆಂಗಸರು ಒಂದು ನಕ್ಷತ್ರದ ಆಸೆಗೆ ಬಳೆ, ಓಲೆ, ಕೊನೆಗೆ ಕೂದಲ ಪಿನ್ನೂ ತೆಗೆದಿಟ್ಟು ಹತ್ತುತ್ತಿದ್ದರು. ನಾನು ಮಾತ್ರ ಒಳಲಂಗದ ಅಂಚಿಗೆ ಸೀಸದ ತುಂಡು ಹೊಲಿದುಕೊಂಡು ಹತ್ತುತ್ತಿದ್ದೆ. ಪರದೆ ನೆಟ್ಟಗೆ ಇಳಿಬೀಳಲಿ ಅಂತ ಅಂಗಡಿಯಲ್ಲಿ ಅಂಚಿಗೆ ಸೇರಿಸುತ್ತೇವಲ್ಲ, ಅದೇ. ಶುಕ್ರವಾರ ಬಟ್ಟೆಗಂಟು ತೂಗುವ ಮೆಷಿನ್ ಮೇಲೆ ನಿಂತು ನೋಡಿಕೊಳ್ಳುವುದು, ಮೈಯಿಂದ ಹೋದಷ್ಟನ್ನು ಲಂಗಕ್ಕೆ ಸೇರಿಸುವುದು. ಮುಖ ಯಾಕೆ ಇಳಿದಿದೆ ಅಂತ ನೀನು ಕೇಳಿದಾಗ ಹಲ್ಲು ಕೀಳಿಸಿದ್ದೇನೆ ಅಂತ ಬೊಗಳೆ ಬಿಟ್ಟೆ.

ಒಂದು ವಾರ ಲೆಕ್ಕ ತಪ್ಪಿ ಜಾಸ್ತಿ ಹೊಲಿದುಬಿಟ್ಟೆ, ತೂಕ ಏರಿತು. ನೆನಪಿದೆಯಾ? ಎಲ್ಲರೆದುರು ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದೆ ನೀನು: "ಅಕ್ಕಾ, ನಿಜ ಹೇಳು, ಕದ್ದು ಕೇಕ್ ತಿಂದೆ ತಾನೇ?"

ಹೌದು ಅಂತ ಒಪ್ಪಿಕೊಂಡೆ ನಾನು. ಆ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು, ನಿಜವಾಗಿಯೂ ಕೇಕ್ ತಿನ್ನೋಕಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಬಿಕ್ಕಿಬಿಕ್ಕಿ ಅತ್ತೆ.

ಈಗ ಮಗು ನಿನ್ನ ಕೈಗೆ ಬಂತು. ಇನ್ನು ಮುಚ್ಚಿಡೋಕೆ ನನ್ನ ಕೈಲಾಗಲ್ಲ. ವಾಸಿಯಾಗುತ್ತದೆ ಅನ್ನುವ ಮಾತನ್ನು ಡಾಕ್ಟರು ಈಗ ಆಡುವುದಿಲ್ಲ. ಸಿಟ್ಟು ಬಂದರೆ ಬೈ, ಆದರೆ ಇಲ್ಲಿಗೆ ಬಂದು ಬೈ. ಮಗಳನ್ನು ಒಂದು ಸಲ ನನ್ನ ಎದೆ ಮೇಲೆ ಮಲಗಿಸು. ಅಷ್ಟು ಭಾರ ಇನ್ನೂ ತಡೆಯುತ್ತೇನೆ.

ನಿನ್ನದೇ,
ಗುಂಡಕ್ಕ

ಇದೊಂದು ಮಾತು ಉಳಿದಿತ್ತು: ಇವತ್ತು ನರ್ಸ್ ನನ್ನ ತೂಕ ನೋಡಿದರು. ನಿನ್ನ ಕೇಂದ್ರಕ್ಕೆ ಸೇರಿದ ದಿನ ನನ್ನ ಕಾರ್ಡಿನ ಮೇಲೆ ಗುರಿ ಅಂತ ಒಂದು ತೂಕ ನೀನೇ ಬರೆದಿದ್ದೆಯಲ್ಲ, ಅದು ಮುಟ್ಟಿದೆ. ಗುರಿ ಮುಟ್ಟಿದವರಿಗೆ ದೊಡ್ಡ ಬಂಗಾರದ ನಕ್ಷತ್ರ ಅಂತ ಹೇಳಿದ್ದೂ ನೀನೇ. ಬರುವಾಗ ಮರೆಯದೆ ತಾ. ಇದಕ್ಕಿಂತ ಇಳಿಯುವ ಮೊದಲು ಬಾ.