ಡಬ್ಬಿಯ ಮೇಲಿನ ಹಸಿರು ಪೊಟ್ಟಣ

ಮೇ 6, ಬೆಳಿಗ್ಗೆ

ಮೀನಿಗೆ ಮೇವು ಹಾಕಿದೆ. ಕೊಳದ ನೀರಿಗೆ ಗಾಳಿ ಬೆರೆಸುವ ಚಕ್ರಗಳನ್ನು ನಡೆಸುವ ಕಂಟ್ರೋಲ್ ಡಬ್ಬಿಯ ಮೇಲಿನ ತಿಂಡಿ ಪೊಟ್ಟಣ ಬದಲಿಸಿದೆ. ಹಸಿರು ಪೊಟ್ಟಣವೇ ಆಗಬೇಕು, ತಾರೀಖು ಮೀರಿರಬಾರದು. ಆ ತಿಂಡಿಯ ಹೆಸರಿನ ಅರ್ಥವೇ ‘ಜಾಣನಾಗಿರು’; ಅದಿದ್ದರೇ ಯಂತ್ರ ಹೇಳಿದ ಮಾತು ಕೇಳುವುದು. ತೈಪೆಯ ಬ್ಯಾಂಕಿನವರೂ ಕಂಪ್ಯೂಟರ್ ಮೇಲೆ ಇಡುತ್ತಾರಂತೆ.

ಮೇ 9, ಮಧ್ಯಾಹ್ನ

ಚಕ್ರಗಳು ತಾವಾಗಿಯೇ ನಿಂತವು. ಕರೆಂಟ್ ಇದೆ! ನೀರಿಗೆ ಗಾಳಿ ಇಲ್ಲದೆ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡಿದವು. ಓಡಿ ಹೋಗಿ ಕೈಯಿಂದಲೇ ಸ್ವಿಚ್ ಎಳೆದೆ. ಇನ್ನಷ್ಟು ತಡವಾಗಿದ್ದರೆ ಕೊಳದ ತುಂಬ ಸತ್ತ ಮೀನು ಬೆಳ್ಳಗೆ ತೇಲುತ್ತಿತ್ತು. ಪೊಟ್ಟಣ ನೋಡಿದೆ — ಹೊಸದೇ. ಮತ್ತೇನು ಕೇಡು?

ಮೇ 10

ಡಬ್ಬಿ ಕೂರಿಸಿದ್ದ ತ್ಸಾಯ್ ಬಂದ.

"ದೊಡ್ಡಪ್ಪ, ಏನಾದ್ರೂ ಮುಟ್ಟಿದ್ರಾ?"

"ಮುಟ್ಟಬೇಡಿ ಅಂದೋನು ನೀನೇ ಕಣೋ!"

ಸೊಸೆ ಪೇ-ರು ಫೋನ್ ಹಿಡಿದು ಕೂತಳು. "ಮಾವ, ಈ ಡಬ್ಬಿಯೊಳಗೆ ವೆಬ್ ಸರ್ವರ್ ಇದೆ. ಅದಕ್ಕೇ ಫೋನಲ್ಲಿ ಚಕ್ರ ಕಾಣೋದು. ಆದ್ರೆ ಊರಿಗೆಲ್ಲ ಬಾಗಿಲು ತೆಗೆದಿಟ್ಟಿದೆ. ಪಾಸ್‌ವರ್ಡ್ ಕಾರ್ಖಾನೆಯವ್ರು ಹಾಕಿದ್ದೇ. ಅಡ್ಮಿನ್, ಅಡ್ಮಿನ್."

"ಅದು ಯಾರಿಗೆ ಗೊತ್ತಿರುತ್ತೆ?"

"ಎಲ್ರಿಗೂ! ಯಾರೋ ಹೊರಗಿಂದ ಒಳಹೊಕ್ಕು ಚಕ್ರ ನಿಲ್ಸಿದ್ದಾರೆ."

ತ್ಸಾಯ್ ನೆಲ ನೋಡಿದ. "ಸುಮ್ನೆ ನಡೀತಿತ್ತಲ್ಲ... ಕೆಣಕೋದು ಬೇಡ ಅಂತ..."

ಚೆನ್ನಾಗಿ ಬೈದೆ. ಆದರೂ... ಪೊಟ್ಟಣ ತಪ್ಪದೆ ಬದಲಿಸಿದೆವು, ಪಾಸ್‌ವರ್ಡ್ ಒಮ್ಮೆಯೂ ಇಲ್ಲ. ಸೊಸೆ ಈಗ ಬದಲಿಸಿದಳು.

ಮೇ 12

ಯಾರವನು? ಎಲ್ಲಿ ಕೂತು ನನ್ನ ಚಕ್ರ ನಿಲ್ಲಿಸಿದ? ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಅವನು ಮೀನು ಸಾಕಿದವನಂತೂ ಅಲ್ಲ.

ಮೇ 17, ಸಂಜೆ

ಪಕ್ಕದ ಕೊಳದ ಆ-ಬಿನ್ ಜೊತೆ ಕಾಲುವೆ ನೀರಿನ ಜಗಳ. ಮಾತಿಲ್ಲ. ಅವನದೂ ತ್ಸಾಯ್ ಕೂರಿಸಿದ ಡಬ್ಬಿಯೇ. ಡಬ್ಬಿಯ ಇಂಟರ್ನೆಟ್ ವಿಳಾಸದ ಕೊನೆಯ ಅಂಕಿ ಮಾತ್ರ ಬೇರೆ ಎಂದು ತ್ಸಾಯ್ ಹೇಳಿದ್ದ. ಫೋನಿನಲ್ಲಿ ಒತ್ತಿ ನೋಡಿದೆ. ಅಡ್ಮಿನ್, ಅಡ್ಮಿನ್.

ತೆರೆದೇಬಿಟ್ಟಿತು! ಆ-ಬಿನ್‌ನ ಚಕ್ರಗಳೆಲ್ಲ ನನ್ನ ಹೆಬ್ಬೆರಳ ಕೆಳಗೆ. ಒಂದನ್ನು ನಿಲ್ಲಿಸಿದರೆ ಹೇಗೆ ಓಡಿ ಬಂದಾನು... ಛೀ. ಮೀನು ಏನು ಮಾಡಿದವು? ಫೋನ್ ಜೇಬಿಗೆ ಹಾಕಿದೆ. ಏರಿ ಮೇಲೆ ನಿಂತು ಕೂಗಿದೆ.

"ಲೋ, ನಿನ್ನ ಮೀನೆಲ್ಲ ನನ್ನ ಕೈಯಲ್ಲಿದೆ!"

"ಏನಂದೆ ಮುದಿಯಾ?"

ಹೇಳಬೇಕಾಗಿದ್ದು ಹಾಗಲ್ಲ, ಪಾಸ್‌ವರ್ಡ್ ಬದಲಿಸು ಎಂದು. ಬಾಯಿ ಕೇಳಬೇಕಲ್ಲ. ಕೊಳದ ಪಕ್ಕದ ಶೆಡ್ಡಿಗೆ ಬಂದು ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ಕಾಣುತ್ತಿದ್ದಾನೆ — ಬಲೆಯ ಕೋಲು ಹಿಡಿದು ಏರಿ ದಾಟುತ್ತಿದ್ದಾನೆ. ಬರಲಿ. ಹೇಗೋ ಬಂದನಲ್ಲ. ಮೊದಲು ಫೋನ್ ತೋರಿಸುತ್ತೇನೆ, ಆಮೇಲೆ ಬೇಕಾದರೆ ಹೊಡೆ—